ಕುಂತಳಪುರದ ಉದ್ಯಾನದಲ್ಲಿ ಮಲಗಿದವನು

ಇರುಳು ಎರಡು ಗಂಟೆ ಕಳೆದಿರುತ್ತದೆ. ಸೊರಬದ ಕಡೆಯ ಯಾವುದಾದರೊಂದು ಊರು. ಕೊಯ್ಲಾಗಿ ಬಯಲಾದ ಗದ್ದೆ. ನಾಲ್ಕು ಕಂಬಗಳ ನಡುವೆ ರಂಗಸ್ಥಳ. ಚಂಡೆಯ ಅಬ್ಬರ ಇಳಿದು ಮದ್ದಳೆ ಮೆಲ್ಲಗೆ ನುಡಿಯುತ್ತಿದೆ. ಮಾವಿನ ಮರದ ನೆರಳೆಂದು ಭಾವಿಸಿಕೊಳ್ಳಬೇಕಾದ ಸ್ಥಳದಲ್ಲಿ ತರುಣನೊಬ್ಬನು ತೋಳನ್ನೇ ತಲೆದಿಂಬಾಗಿ ಮಾಡಿಕೊಂಡು ಮಲಗಿದ್ದಾನೆ. ಅವನ ಸೊಂಟದಲ್ಲಿ ಒಂದು ಓಲೆ. ಆ ಓಲೆಯಲ್ಲಿ ಅವನ ಮರಣ ಬರೆದಿದೆ. ಅದು ಅವನಿಗೆ ತಿಳಿಯದು. ನೋಡುತ್ತ ಕುಳಿತವರಿಗೆಲ್ಲ ತಿಳಿದಿದೆ.

ಅವರಿಗೆ ಅಷ್ಟೇ ಅಲ್ಲ, ಮುಂದೆ ನಡೆಯುವುದೂ ತಿಳಿದಿದೆ. ಮಂತ್ರಿಯ ಮಗಳು ವಿಷಯೆ ಬರುತ್ತಾಳೆ, ಓಲೆಯನ್ನು ಬಿಚ್ಚಿ ಓದುತ್ತಾಳೆ, ‘ವಿಷವನ್ನು ಕೊಡು’ ಎಂದಿರುವುದನ್ನು ‘ವಿಷಯೆಯನ್ನು ಕೊಡು’ ಎಂದು ಕಣ್ಣಿನ ಕಾಡಿಗೆಯಿಂದಲೇ ತಿದ್ದುತ್ತಾಳೆ ಎಂಬುದನ್ನು ಅಜ್ಜಿಯ ತೊಡೆಯ ಮೇಲೆ ಕುಳಿತಿರುವ ಮಗುವೂ ಬಲ್ಲದು. ಹೀಗಿದ್ದೂ ವಿಷಯೆ ರಂಗಕ್ಕೆ ಬರಲು ಸ್ವಲ್ಪ ತಡವಾದರೆ ಸಭೆಯಲ್ಲಿ ಒಂದು ಚಡಪಡಿಕೆ ಹುಟ್ಟುತ್ತದೆ. ಕವಳ ಹಾಕುತ್ತಿದ್ದವರ ಕೈ ನಿಲ್ಲುತ್ತದೆ. ನೂರು ಸಲ ಕೇಳಿದ ಕಥೆ ನೂರೊಂದನೆಯ ಸಲ ಬೇರೆಯಾಗಿ ಮುಗಿದೀತೇ ಎಂಬ ಶಂಕೆಯೇ? ಅಲ್ಲವೆನ್ನಲು ಅವರ ಮುಖಗಳು ಬಿಡುವುದಿಲ್ಲ.

ಇಲ್ಲದ ಮನುಷ್ಯನಿಗಾಗಿ ಇರುವ ಮನುಷ್ಯರು ಪಡುವ ಈ ಆತಂಕ ವಿಚಿತ್ರವಾದ ವಸ್ತು. ಕಥೆಯ ಪಾತ್ರಗಳಿಗೆ ಮನಸ್ಸನ್ನು ತೆತ್ತುಕೊಳ್ಳುವವರನ್ನು ಲೋಕವು ‘ಹುಚ್ಚು ಅಭಿಮಾನಿ’ಗಳೆಂದು ನಗುವುದುಂಟು. ನಗುವವರು ಒಮ್ಮೆ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಸುತ್ತಿ ಬರಬೇಕು. ಅಲ್ಲಿ ಈ ಅಭಿಮಾನಕ್ಕೆ ಸಾವಿರ ವರ್ಷಗಳ ಬೇರಿದೆ. ಕಲ್ಲಿನ ಗುಡಿಗಳ ಪಕ್ಕದಲ್ಲಿಯೇ ಅದು ಬೆಳೆದಿದೆ.

ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿಯಲ್ಲಿ ಕುಬಟೂರು ಎಂಬ ಊರಿದೆ. ಶಾಸನಗಳಲ್ಲಿ ಅದರ ಹೆಸರು ಕುಪ್ಪಟೂರು. ಸಮೀಪದ ಕೋಟಿಪುರದಲ್ಲಿ ಕೈಟಭೇಶ್ವರನ ದೇವಾಲಯ. ಸುಮಾರು 1100ರ ವೇಳೆಗೆ ಕಟ್ಟಿದ್ದು, ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕಡೆದ ನುಣುಪಾದ ಕಂಬಗಳುಳ್ಳದ್ದು. ಇಷ್ಟು ಇತಿಹಾಸ. ಆದರೆ ಊರಿನ ನಂಬಿಕೆ ಇತಿಹಾಸಕ್ಕೆ ನಿಲ್ಲುವುದಿಲ್ಲ. ಇದೇ ಕುಂತಳನಗರ, ಚಂದ್ರಹಾಸನು ಬೀದಿಯ ಅನಾಥ ಶಿಶುವಾಗಿ ಅಲೆದದ್ದೂ ಅರಸನಾಗಿ ಆಳಿದ್ದೂ ಇಲ್ಲಿಯೇ ಎಂದು ಅದು ಹೇಳುತ್ತದೆ. ಮೈಸೂರು ಸೀಮೆಯ ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸರು ತಮ್ಮ ಗೆಜೆಟಿಯರಿನಲ್ಲಿ ಈ ಐತಿಹ್ಯವನ್ನು ಗಂಭೀರವಾಗಿಯೇ ದಾಖಲಿಸಿದ್ದಾರೆ. ಶಿಕಾರಿಪುರದ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟವಾಗಿ 1902ರಲ್ಲಿಯೂ ಸೊರಬದವು ಎಂಟನೆಯ ಸಂಪುಟವಾಗಿ 1904ರಲ್ಲಿಯೂ ಹೊರಬಂದುವು. ಒಂದೊಂದು ತಾಲ್ಲೂಕಿನಲ್ಲಿಯೂ ನೂರಾರು ಕಲ್ಲುಗಳು! ದಾನ, ಯುದ್ಧ, ತುರುಗಾಳಗ, ಸಹಗಮನ — ಎಲ್ಲಕ್ಕೂ ಅಲ್ಲಿ ಸಾಕ್ಷ್ಯವುಂಟು. ಊರಿನವರು ಮಾತ್ರ ಕಲ್ಲುಗಳಲ್ಲಿ ಹೆಸರಿರುವ ನೂರಾರು ವೀರರನ್ನು ಬಿಟ್ಟು ಕಾವ್ಯದಲ್ಲಿ ಹೆಸರಿರುವ ಒಬ್ಬನನ್ನು ತಮ್ಮವನೆಂದು ಆರಿಸಿಕೊಂಡರು.

ಐತಿಹ್ಯಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. ಬನವಾಸಿಯನ್ನು ಒಳಗೊಂಡ ಈ ಸೀಮೆಗೆಲ್ಲ ಹಿಂದೆ ಕುಂತಳವೆಂಬ ಹೆಸರಿತ್ತು. ಕಾವ್ಯದ ಕುಂತಳಪುರಕ್ಕೂ ನೆಲದ ಕುಂತಳಕ್ಕೂ ಹೆಸರಿನ ಒಂದು ಎಳೆ ಸಿಕ್ಕಿತು. ಜನ ಅದನ್ನು ಹಗ್ಗವಾಗಿ ಹೊಸೆದರು. ಹೀಗೆ ಮಾಡಿದವರು ಅವರೊಬ್ಬರೇ ಅಲ್ಲ. ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿಕೊಂಡಂದಿನಿಂದ ಅಲ್ಲಿಯ ದೊಡ್ಡಮನೆಗೆ ಸ್ವಾಮಿಯನ್ನು ಹುಡುಕಿಕೊಂಡು ಬರುವವರಿದ್ದಾರೆ. ಅದೇ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲುನಿಲ್ದಾಣವನ್ನು 2020ರಲ್ಲಿ ‘ಮಾಲ್ಗುಡಿ ವಸ್ತುಸಂಗ್ರಹಾಲಯ’ವನ್ನಾಗಿ ಮಾಡಲಾಯಿತು. ಭೂಪಟದಲ್ಲಿಲ್ಲದ ಊರಿಗೆ ವಸ್ತುಸಂಗ್ರಹಾಲಯ! ಕುಬಟೂರಿನವರು ಇದನ್ನು ಕೇಳಿ ಆಶ್ಚರ್ಯಪಡಲಾರರು.

ಚಂದ್ರಹಾಸನ ಕಥೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿದವನು ದೇವನೂರಿನ ಲಕ್ಷ್ಮೀಶ. ಅವನ ಜೈಮಿನಿ ಭಾರತ ವಾರ್ಧಕ ಷಟ್ಪದಿಯಲ್ಲಿದೆ. ಓದಿದರೆ ಸಾಲದು, ಹಾಡಿ ಕೇಳಬೇಕು. ಶಿವಮೊಗ್ಗೆಯ ಸಮೀಪದ ಹೊಸಹಳ್ಳಿ ಇಂದಿಗೂ ಗಮಕಿಗಳ ಊರೆಂದೇ ಪ್ರಸಿದ್ಧ, ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ಇಡೀ ಗಮಕಕಲೆಗೆ ಸಂದ ಮನ್ನಣೆ. ರೇಡಿಯೋ ಬರುವ ಮುಂಚೆ, ಬಂದ ಮೇಲೂ ಬಹುಕಾಲ, ಶಿಕಾರಿಪುರದಂಥ ಊರುಗಳ ಪಡಸಾಲೆಗಳಲ್ಲಿ ಊಟದ ಪಾತ್ರೆ ತೊಳೆದಿಟ್ಟ ಮಧ್ಯಾಹ್ನಗಳಲ್ಲಿ ಇಂಥ ವಾಚನ ನಡೆಯುತ್ತಿತ್ತು. ಅದಕ್ಕೊಂದು ಶಿಷ್ಟಾಚಾರವಿತ್ತು: ಕಥೆಯನ್ನು ಅಶುಭಸ್ಥಾನದಲ್ಲಿ ನಿಲ್ಲಿಸಬಾರದು. ಕಟುಕರು ಕತ್ತಿಯೆತ್ತಿದಲ್ಲಿ ಪುಸ್ತಕ ಮುಚ್ಚುವಂತಿಲ್ಲ. ಹೊತ್ತು ಮೀರಿದರೂ ಸರಿಯೆ, ಅವರ ಮನಸ್ಸು ಕರಗಿ, ಮಗುವಿನ ಎಡಗಾಲಿನ ಆರನೆಯ ಬೆರಳನ್ನಷ್ಟೇ ಕೊಯ್ದುಕೊಂಡು ಹೋಗಿ, ಕುಳಿಂದನು ಬಂದು ಮಗುವನ್ನು ಎತ್ತಿಕೊಂಡ ಮೇಲೆಯೇ ಮಂಗಳ. ಹೆಂಗಸರು ಆ ನೆಮ್ಮದಿಯನ್ನು ತೆಗೆದುಕೊಂಡು ಒಲೆಯ ಮುಂದಕ್ಕೆ ಹೋಗುತ್ತಿದ್ದರು.

ವಾರಪತ್ರಿಕೆಗಳ ಧಾರಾವಾಹಿಗಳು ಈ ಶಿಷ್ಟಾಚಾರವನ್ನು ತಲೆಕೆಳಗು ಮಾಡಿದುವು. ಅವು ನಿಲ್ಲುವುದೇ ಕತ್ತಿಯೆತ್ತಿದಲ್ಲಿ! ‘ಮುಂದಿನ ಸಂಚಿಕೆಗೆ’ ಎಂಬ ಎರಡು ಪದಗಳನ್ನು ಓದಿ ನಿಟ್ಟುಸಿರಿಡದ ಗೃಹಿಣಿ, ಕದ್ದು ಓದಿ ಸಿಕ್ಕಿಬೀಳದ ಕಾಲೇಜು ಹುಡುಗಿ ಯಾವ ಪಟ್ಟಣದಲ್ಲಿಯೂ ಇರಲಿಲ್ಲ. ಏಳು ದಿನಗಳ ಕಾಲ ನಾಯಕಿಯ ಕಷ್ಟವನ್ನು ಓದುಗರೇ ಹೊತ್ತುಕೊಂಡಿರಬೇಕು. ಸಾರಿಗೆ ಉಪ್ಪು ಹೆಚ್ಚಾದರೆ ‘ಇವತ್ತು ಪತ್ರಿಕೆ ಬಂದಿರಬೇಕು’ ಎಂದು ಮನೆಯ ಯಜಮಾನರು ಊಹಿಸುವಷ್ಟರ ಮಟ್ಟಿಗೆ ಅದು ಸಂಸಾರದ ಸಂಗತಿಯಾಯಿತು. ಯಜಮಾನರೂ ಪತ್ರಿಕೆಯನ್ನು ಮೊದಲು ಬಿಚ್ಚುತ್ತಿದ್ದದ್ದು ಸಂಪಾದಕೀಯದ ಪುಟವನ್ನಲ್ಲವೆಂಬುದು ಬೇರೆಯ ಮಾತು.

ಪಾತ್ರಗಳ ಮೇಲಿನ ಮಮತೆ ಕರ್ತೃವಿನ ಕೈಯನ್ನೇ ಹಿಡಿದದ್ದುಂಟು. ಇಂಗ್ಲೆಂಡಿನ ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ತಮ್ಮ ಪತ್ತೇದಾರ ಷೆರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡರು. ಓದುಗರು ಬೈದು ಬರೆದರು. ಹತ್ತು ವರ್ಷಗಳ ಬಳಿಕ, 1903ರಲ್ಲಿ, ಹೋಮ್ಸನು ಸತ್ತಿರಲೇ ಇಲ್ಲವೆಂದು ಡಾಯ್ಲ್ ಹೊಸ ಕಥೆ ಬರೆಯಬೇಕಾಯಿತು. ಲಂಡನ್ನಿನ ಬೇಕರ್ ಬೀದಿಯಲ್ಲಿ ಹೋಮ್ಸನ ಮನೆಯ ಸಂಖ್ಯೆ ತನ್ನ ಕಟ್ಟಡಕ್ಕೆ ಬಂದ ತಪ್ಪಿಗೆ ಹಣಕಾಸಿನ ಸಂಸ್ಥೆಯೊಂದು ಅವನ ಹೆಸರಿಗೆ ಬರುತ್ತಿದ್ದ ಕಾಗದಗಳಿಗೆ ಉತ್ತರಿಸಲು ಒಬ್ಬ ಕಾರ್ಯದರ್ಶಿಯನ್ನೇ ಇಟ್ಟುಕೊಂಡಿತ್ತು. ತಮ್ಮ ತೊಡಕನ್ನು ಬಿಡಿಸಿಕೊಡೆಂದು ಹೋಮ್ಸನನ್ನು ಬೇಡಿಕೊಂಡ ಕಾಗದಗಳೂ ಅವುಗಳಲ್ಲಿ ಇರುತ್ತಿದ್ದುವು. ಇದನ್ನು ಓದಿ ನಗುವುದು ಸುಲಭ. ಆದರೆ ಹಾಗೆ ಬರೆದವರ ತೊಡಕು ಕಥೆಯದಾಗಿರಲಿಲ್ಲ. ಅದು ನಿಜವಾದ ತೊಡಕು. ಕೇಳಲು ಬೇರೆ ಯಾರೂ ಇರಲಿಲ್ಲವೆಂದು ತೋರುತ್ತದೆ.

ಶಿಕಾರಿಪುರದ ನೆಲದಲ್ಲಿ ಇದಕ್ಕಿಂತ ಗಹನವಾದ ಉದಾಹರಣೆಯಿದೆ. ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಅಲ್ಲಿಗೆ ಅನತಿದೂರದ ಉಡುತಡಿ ಅಕ್ಕಮಹಾದೇವಿಯ ತವರು. ಇವರು ಕಲ್ಪಿತರಲ್ಲ, ನಿಜವಾಗಿ ಬಾಳಿದವರು. ಅವರ ವಚನಗಳೇ ಸಾಕ್ಷಿ. ಆದರೆ ಅವರ ಬಾಳಿನ ಕಥೆಯನ್ನು ಕವಿಗಳು ಹೇಳತೊಡಗಿದೊಡನೆ ಅವರೂ ಪಾತ್ರಗಳಾದರು, ಆ ಪಾತ್ರಗಳಿಗೆ ಅಭಿಮಾನಿಗಳು ಹುಟ್ಟಿದರು. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯೆಂಬವಳನ್ನು ಪ್ರೀತಿಸುತ್ತಾನೆ. ಅವಳು ಜ್ವರದಿಂದ ಸಾಯುತ್ತಾಳೆ. ಹೆಂಡತಿಯನ್ನು ಕಳೆದುಕೊಂಡವನು ಬುದ್ಧಿಗೆಟ್ಟಂತೆ ಅಲೆಯುತ್ತ, ಕಾಲಿನ ಉಗುರಿನಿಂದ ನೆಲ ಕೆದರುತ್ತ ಕುಳಿತಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆದು ಒಳಹೊಕ್ಕರೆ ಅನಿಮಿಷಯ್ಯನ ದರ್ಶನ. ದುಃಖದ ತುದಿಯಲ್ಲಿಯೇ ಅರಿವು. ಎರಡು ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ ಪ್ರೌಢದೇವರಾಯನ ಆಳ್ವಿಕೆಯಲ್ಲಿ ಬರೆದ ಚಾಮರಸನಿಗೆ ಇದು ಸಹ್ಯವಾಗಲಿಲ್ಲ. ಪ್ರಭುವಿಗೆ ಮೋಹವೆ? ವಿರಹವೆ? ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಕಮಲತೆಯಿಲ್ಲ, ಮಾಯೆಯಿದ್ದಾಳೆ; ಬನವಾಸಿಯಲ್ಲಿ ಮದ್ದಳೆ ನುಡಿಸುವ ಅಲ್ಲಮನು ಅವಳಿಗೆ ಕಡೆಗೂ ಸಿಕ್ಕುವುದಿಲ್ಲ.

ಅಕ್ಕನ ಕಥೆಯೂ ಹೀಗೆಯೇ ಎರಡಾಯಿತು. ಕೌಶಿಕನೊಡನೆ ಅವಳ ಮದುವೆ ನಡೆಯಿತೆಂದೂ, ಇಟ್ಟ ಷರತ್ತುಗಳನ್ನು ಅವನು ಮೀರಿದುದರಿಂದ ಅವಳು ಅರಮನೆಯನ್ನು ತೊರೆದಳೆಂದೂ ಹರಿಹರನು ಹೇಳಿದರೆ, ಚಾಮರಸನ ಅಕ್ಕ ಮದುವೆಗೆ ಒಳಪಡದೆಯೇ ಹೊರಟುಹೋಗುತ್ತಾಳೆ. ವಿದ್ವಾಂಸರು ಈ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿಯೂ ಬಿಸಿಬಿಸಿಯಾಗಿ ವಾದಿಸಿದರು. ವಾದದಲ್ಲಿ ಶಾಸ್ತ್ರವೆಷ್ಟು, ಮಮತೆಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಪ್ರಿಯವಾದ ಪಾತ್ರಕ್ಕೆ ಕಲೆ ಹತ್ತಬಾರದೆಂಬ ಹಂಬಲ ಚಾಮರಸನಂಥ ಮಹಾಕವಿಯನ್ನೂ ಬಿಡಲಿಲ್ಲ. ಹಾಗೆ ನೋಡಿದರೆ ಹರಿಹರನೇ ಹೆಚ್ಚು ಧೈರ್ಯಶಾಲಿ. ಹೆಂಡತಿಗೆ ಜ್ವರ ಬಂದಾಗ ಹೆದರಿದ ಅಲ್ಲಮನು ಸಂಸಾರಿಗಳಿಗೆ ಹತ್ತಿರದವನು. ಮಾಯೆಯನ್ನು ಜಯಿಸಿಯೇ ಹುಟ್ಟಿದವನ ಬಳಿ ತಮ್ಮ ಮನೆಯ ಜ್ವರದ ಸಂಗತಿಯನ್ನು ಯಾರು ಹೇಳಿಕೊಂಡಾರು?

ಬಳ್ಳಿಗಾವಿಗೆ ಬರುವ ಎಲ್ಲರೂ ಅಲ್ಲಮನಿಗಾಗಿ ಬರುವುದಿಲ್ಲ. ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಓದಿದವರು ಕೇದಾರೇಶ್ವರನ ಅಂಗಳದಲ್ಲಿ ಬಾಲಿಕೆ ಶಾಂತಲೆ ಓಡಾಡಿದ್ದನ್ನು ಮನಸ್ಸಿನಲ್ಲಿ ಕಾಣುತ್ತಾರೆ. ಹೊಯ್ಸಳರ ರಾಣಿಯಾಗಿದ್ದು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಐತಿಹಾಸಿಕ ಶಾಂತಲೆಗಿಂತ ಕಾದಂಬರಿಯ ಆ ಹುಡುಗಿಯೇ ಅವರಿಗೆ ಹೆಚ್ಚು ಪರಿಚಿತಳು.

ಇಷ್ಟಾಗಿ ಈ ಪಾತ್ರಗಳು ಸಂಸಾರಸ್ಥರಿಗೆ ಏನು ಕೊಡುತ್ತವೆ? ಮತ್ತೆ ಚಂದ್ರಹಾಸನ ಪ್ರಸಂಗಕ್ಕೇ ಹೋಗಬೇಕು. ಅದರಲ್ಲಿ ಒಂದು ಸ್ವಾರಸ್ಯವಿದೆ. ಈ ಕಥೆಯಲ್ಲಿ ಚಂದ್ರಹಾಸನಿಗೆ ಚಿಂತೆಯೇ ಇಲ್ಲ. ತಂದೆ ಯುದ್ಧದಲ್ಲಿ ಮಡಿದ, ತಾಯಿ ಸಹಗಮನ ಮಾಡಿದಳು, ಸಾಕಿದ ದಾದಿಯೂ ಸತ್ತಳು. ಮಗು ಬೀದಿಯಲ್ಲಿ ಸಿಕ್ಕಿದ ಸಾಲಗ್ರಾಮವನ್ನು ಬಾಯಲ್ಲಿಟ್ಟುಕೊಂಡು ಆಡಿತು. ದೊಡ್ಡವನಾದ ಮೇಲೆ ತನ್ನ ಸಾವಿನ ಓಲೆಯನ್ನು ತಾನೇ ಹೊತ್ತು ತಂದು, ದಣಿವಾಯಿತೆಂದು ತೋಟದಲ್ಲಿ ಮಲಗಿ ನಿದ್ರಿಸುತ್ತಾನೆ. ಚಿಂತೆಯೆಲ್ಲ ಇರುವುದು ದುಷ್ಟಬುದ್ಧಿಗೆ. ಏನು ಚಿಂತೆ? ಮಗ ಮದನನ ಭವಿಷ್ಯದ್ದು. ಅರಸನಿಗೆ ಗಂಡು ಸಂತಾನವಿಲ್ಲ. ತನ್ನ ಮಗನಿಗೆ ಬರಬೇಕಾದ ಸ್ಥಾನ ಯಾವನೋ ದಿಕ್ಕಿಲ್ಲದವನ ಪಾಲಾದೀತೆಂಬ ಭಯ. ಬ್ರಾಹ್ಮಣರು ಬೀದಿಯ ಮಗುವನ್ನು ನೋಡಿ, ಇವನು ಈ ದೇಶವನ್ನಾಳುವನೆಂದು ಹರಸಿದ ದಿನದಿಂದ ಆತನಿಗೆ ನಿದ್ರೆಯಿಲ್ಲ.

ಈ ಭಯ ಯಾವ ಮನೆಗೆ ಅಪರಿಚಿತ? ಮಗನಿಗೆ ಅಂಕಗಳು ಸಾಲವು, ಪಕ್ಕದ ಮನೆಯ ಹುಡುಗ ಮುಂದಾದ, ಮಗಳ ಮದುವೆಗೆ ಸಾಲ ಮಾಡಬೇಕು, ಕುಮುದ್ವತಿ ತುಂಬದಿದ್ದರೆ ಅಂಜನಾಪುರದ ಕೆರೆಯ ಕೆಳಗಿನ ಗದ್ದೆಗೆ ನೀರಿಲ್ಲ. ಶಿಕಾರಿಪುರದ ಪೇಟೆಯಲ್ಲಿ ಅಂಗಡಿಯಿಟ್ಟವನಿಗೂ ಸೊರಬದ ಕಚೇರಿಯಲ್ಲಿ ಕಡತ ಬರೆಯುವವನಿಗೂ ಈ ಮಾತುಗಳೇ ಸುಪ್ರಭಾತ. ಅವರು ಆಟಕ್ಕೆ ಬರುವಾಗ ಚಂದ್ರಹಾಸನ ಪಕ್ಷದವರಾಗಿ ಬರುತ್ತಾರೆ, ನಿಜ. ಆದರೆ ಅವರ ಎದೆಯಲ್ಲಿರುವುದು ದುಷ್ಟಬುದ್ಧಿಯ ಸರಂಜಾಮು.

ಬಡಗುತಿಟ್ಟಿನ ಹಿರಿಯ ಕಲಾವಿದರು ಇದನ್ನು ಬಲ್ಲವರಾಗಿದ್ದರು. ಆದುದರಿಂದಲೇ ದುಷ್ಟಬುದ್ಧಿಯ ವೇಷ ಬರಿಯ ಖಳನ ವೇಷವಾಗಿ ಉಳಿಯಲಿಲ್ಲ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ದುಷ್ಟಬುದ್ಧಿಯನ್ನು ಕಂಡವರು ಮರೆಯುವುದಿಲ್ಲ. ಅಭಿಮಾನಿಗಳಲ್ಲಿ ಪಂಗಡಗಳಿದ್ದುವು: ಚಿಟ್ಟಾಣಿಯವರ ಆವೇಶದ ಕುಣಿತಕ್ಕೆ ಮರುಳಾದವರು ಒಂದು ಕಡೆ, ಕೆರೆಮನೆ ಶಂಭು ಹೆಗಡೆಯವರ (1938–2009) ಸಂಯಮದ ಅಭಿನಯವೇ ಮಿಗಿಲೆನ್ನುವವರು ಇನ್ನೊಂದು ಕಡೆ. ಈ ವಾದ ಆಟದ ಬಯಲಿನಲ್ಲಿ ಹುಟ್ಟಿ, ಮರುದಿನ ಅಡಕೆಯ ಚಪ್ಪರದಲ್ಲಿ ಮುಂದುವರಿದು, ಎರಡು ಮನೆಗಳ ನಡುವೆ ಮಾತು ಬಿಡಿಸಿದರೂ ಆಶ್ಚರ್ಯವಿರಲಿಲ್ಲ. ಇಂದು ಹಲವು ಆಟಗಳು ಕಾಲಮಿತಿಯವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ವಾದ ಕೈಬೆರಳಿನ ತುದಿಯ ದೂರವಾಣಿಯ ಮೇಲೆ ನಡೆಯುತ್ತದೆ. ವಾದದ ಕಾವು ತಗ್ಗಿಲ್ಲ.

ಕಥೆಯ ಕೊನೆಯಲ್ಲಿ ದುಷ್ಟಬುದ್ಧಿ ಊರ ಹೊರಗಿನ ಕಾಳಿಯ ಗುಡಿಯಲ್ಲಿ ಕೊಲೆಗಡುಕರನ್ನು ಅಡಗಿಸಿಟ್ಟು ಅಳಿಯನನ್ನು ಪೂಜೆಗೆ ಕಳುಹಿಸುತ್ತಾನೆ. ದಾರಿಯಲ್ಲಿ ಮದನ ಎದುರಾಗಿ, ಅರಸರು ಕರೆಯುತ್ತಾರೆ, ಪೂಜೆಗೆ ನಾನು ಹೋಗುವೆನೆಂದು ತಟ್ಟೆಯನ್ನು ತೆಗೆದುಕೊಂಡು ಹೊರಡುತ್ತಾನೆ. ಯಾವ ಮಗನಿಗಾಗಿ ಇಷ್ಟೆಲ್ಲ ನಡೆಯಿತೋ ಆ ಮಗನೇ ಕತ್ತಿಗೆ ಬಲಿ. ಮಗನ ಹೆಣದ ಮುಂದೆ ದುಷ್ಟಬುದ್ಧಿ ಕುಸಿದಾಗ ಸಭೆ ನಿಶ್ಶಬ್ದವಾಗುತ್ತದೆ. ಇಡೀ ರಾತ್ರಿ ಅವನನ್ನು ಶಪಿಸಿದವರೇ ಸೆರಗಿನಿಂದ ಕಣ್ಣೊರೆಸುತ್ತಾರೆ. ಅಲ್ಲಿ ಅಳುವುದು ಯಾರಿಗಾಗಿ ಎಂದು ಕೇಳಿದರೆ ಮದನನಿಗಾಗಿ ಎಂದು ಹೇಳುವರು. ಅಷ್ಟೇ ಇರಲಾರದು.

ಕಾವ್ಯದಲ್ಲಿ ದೇವಿ ಇಬ್ಬರನ್ನೂ ಬದುಕಿಸಿಕೊಡುತ್ತಾಳೆ. ನಮ್ಮ ಕಾಲದ ಕಥೆಗಾರರಿಗೆ ಆ ಅನುಕೂಲವಿಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಮಾನಸಿಕ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬಂದರೂ, ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಗಂಡನ, ನೆರೆಯವರ, ಅಡಿಗೆಯವಳ ಒಂದೊಂದು ನೋಟವೂ ಬಾಣ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರವಾಗಿಸಿ ಕಲ್ಪನಾ ಅವರು ಕಾವೇರಿಯಾದಾಗ, ಪುಸ್ತಕ ಮುಟ್ಟದ ಮನೆಗಳಿಗೂ ಅವಳು ಪರಿಚಿತಳಾದಳು. ಕಡೆಗೆ ಅವಳು ಮತ್ತೆ ಕುಸಿದುಹೋಗುವುದನ್ನು ನೋಡಿ ಮುನಿದವರು ಎಷ್ಟೋ ಮಂದಿ. ಆದರೆ ಬಾಣಂತಿಯ ಮನಸ್ಸು ಕದಡುವ ಸಂಗತಿಯನ್ನು, ಮನೆಯ ಹೆಣ್ಣುಮಗಳೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ದ ವಿಷಯವನ್ನು ಪಿಸುಮಾತಿನಲ್ಲಿಯೂ ಆಡಲಾಗದ ಕುಟುಂಬಗಳು ‘ಕಾವೇರಿಗೆ ಹಾಗೆ ಮಾಡಬಾರದಿತ್ತು’ ಎಂದು ಗಟ್ಟಿಯಾಗಿ ಆಡಬಹುದಾಯಿತು. ಹೆಸರು ಕಾವೇರಿಯದು, ಮಾತು ಯಾರ ಕುರಿತೆಂದು ಕೇಳಿದವರಿಗೂ ಆಡಿದವರಿಗೂ ಗೊತ್ತು.

ವಿಷಯೆಯ ಕುರಿತು ಒಂದು ಮಾತು ಉಳಿದಿದೆ. ಪರರ ಓಲೆಯನ್ನು ಬಿಚ್ಚಿದ್ದು ಸರಿಯೇ ಎಂದು ತಾಳಮದ್ದಳೆಯ ಅರ್ಥಧಾರಿಗಳು ಗಂಟೆಗಟ್ಟಲೆ ವಾದಿಸಬಲ್ಲರು. ಲಕ್ಷ್ಮೀಶನು ಅವಳಿಗೆ ಒಂದು ಅಂದವಾದ ರಕ್ಷಣೆ ಕೊಟ್ಟಿದ್ದಾನೆ: ತಂದೆ ಇಂಥ ತರುಣನಿಗೆ ವಿಷವಿಡಿಸಲು ಬರೆದಾನೆಂದು ಅವಳು ನಂಬಲೇ ಇಲ್ಲ, ಅವಸರದಲ್ಲಿ ಅಕ್ಷರ ತಪ್ಪಿರಬೇಕೆಂದು ಭಾವಿಸಿ ಸರಿಪಡಿಸಿದಳು. ಕೈತಪ್ಪನ್ನು ತಿದ್ದಿದಳಷ್ಟೆ! ಅಂಚೆಯವನು ತರುವ ಕಾಗದ, ಬ್ಯಾಂಕಿನ ತಿಳಿವಳಿಕೆ ಪತ್ರ, ಆಸ್ಪತ್ರೆಯ ರಕ್ತಪರೀಕ್ಷೆಯ ವರದಿ, ಮಕ್ಕಳ ಫಲಿತಾಂಶ — ಇವುಗಳನ್ನು ಬಿಚ್ಚುವ ಮೊದಲು ಕೈ ಒಂದು ಕ್ಷಣ ತಡೆಯುವ ಪ್ರತಿಯೊಬ್ಬರೂ, ತಾವು ಮಲಗಿದ್ದಾಗ ಯಾರಾದರೂ ಬಂದು ಅದರಲ್ಲಿ ಒಂದಕ್ಷರವನ್ನು ತಿದ್ದಿಹೋಗಬಾರದಿತ್ತೇ ಎಂದು ಬಯಸಿರುತ್ತಾರೆ.

ಬೆಳಗಿನ ಜಾವಕ್ಕೆ ಆಟ ಮುಗಿಯುತ್ತದೆ. ಭಾಗವತರು ಮಂಗಳ ಹಾಡುತ್ತಾರೆ. ಚೌಕಿಯಲ್ಲಿ ದುಷ್ಟಬುದ್ಧಿ ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತ, ಮೊದಲನೆಯ ಬಸ್ಸು ಎಷ್ಟು ಹೊತ್ತಿಗೆಂದು ಯಾರನ್ನೋ ವಿಚಾರಿಸುತ್ತಿದ್ದಾನೆ. ಗದ್ದೆಯ ಬದುವಿನ ಮೇಲೆ ಸಾಲಾಗಿ ಮನೆಗೆ ಹೊರಟ ಜನರ ನಡುವೆ, ತಾಯಿಯ ಹೆಗಲ ಮೇಲೆ ಮಲಗಿದ್ದ ಮಗುವೊಂದು ಕಣ್ಣು ಬಿಟ್ಟು, ಓಲೆ ಏನಾಯಿತೆಂದು ಕೇಳುತ್ತದೆ.

“ತಿದ್ದಿದಳು ಕಣೋ, ಮಲಕ್ಕೋ” ಎನ್ನುತ್ತಾಳೆ ತಾಯಿ.